ಹೈಡ್ರಾಂಜಿಯ ಯಾಕೆ ಹೂ ಬಿಡಲ್ಲ? ಚಳಿಗಾಲದ, ಕತ್ತಿಯ ಹಳೇ ಕಥೆ



ಈ ಸಲದ ಟಿಪ್ಪಣಿ ಕಾಫಿದೂ ಅಲ್ಲ, ಮೆಣಸಿಂದೂ ಅಲ್ಲ. ಅಂಗಳದ ಹೂವಿನ ಗಿಡದ್ದು. "ಕುಯ್ಲಿನ ಟೈಮಲ್ಲಿ ಹೂವಿನ ಮಾತು ಯಾಕಪ್ಪ" ಅನ್ನಬೇಡಿ, ಈಗಲೇ ಹೇಳೋದಕ್ಕೆ ಕಾರಣ ಇದೆ. ಕುಯ್ಲು ಮುಗಿದ ಕೂಡಲೇ ಕಸಿಯವರು ತೋಟಕ್ಕೆ ಇಳೀತಾರೆ. ಸಂಜೆ ಮನೆ ಹತ್ರ ಬಂದಾಗ ಯಾರೋ ಒಬ್ರು "ಆ ಅಂಗಳದ ಗಿಡಾನೂ ಒಂಚೂರು ಸವರಿಬಿಡಿ" ಅಂತಾರೆ. ಕತ್ತಿ ಕೈಯಲ್ಲೇ ಇರುತ್ತೆ. ಐದು ನಿಮಿಷದಲ್ಲಿ ಹೈಡ್ರಾಂಜಿಯ ಮೊಣಕಾಲೆತ್ತರಕ್ಕೆ ನೀಟಾಗಿ ನಿಂತಿರುತ್ತೆ. ಮೇ ತಿಂಗಳು ಬಂದಾಗ ಸೊಪ್ಪು ದಟ್ಟವಾಗಿ ಇರುತ್ತೆ, ಹೂವು ಮಾತ್ರ ಇರಲ್ಲ. ಎರಡು ವರ್ಷ ಹೀಗಾದ್ರೆ "ಗೊಡ್ಡು ಗಿಡ" ಅಂತ ಹೆಸರು ಬೀಳುತ್ತೆ. ಮೂರನೇ ವರ್ಷ ಬುಡಸಮೇತ ಕಿತ್ತು ಗೊಬ್ಬರದ ಗುಂಡಿಗೆ.

ಅಜ್ಜಿಯೋ ಅತ್ತೆಯೋ ಎಲ್ಲಿಂದಲೋ ಒಂದು ಕಡ್ಡಿ ತಂದು ನೆಟ್ಟು ಬೆಳೆಸಿದ ಗಿಡಗಳು ನಮ್ಮ ಕಡೆ ಹೀಗೆ ಹೋಗ್ತಾ ಇವೆ. ಆಮೇಲೆ ಅದೇ ಜಾಗಕ್ಕೆ ನರ್ಸರಿಯಿಂದ ದುಡ್ಡು ಕೊಟ್ಟು ಹೊಸ ಗಿಡ ಬರುತ್ತೆ. ಅದೂ ಒಂದು ವರ್ಷ ಹೂ ತೋರಿಸಿ ಸುಮ್ಮನಾಗುತ್ತೆ. ತಪ್ಪು ಹಳೇ ಗಿಡದ್ದೂ ಅಲ್ಲ, ಹೊಸ ಗಿಡದ್ದೂ ಅಲ್ಲ. ಈ ಗಿಡ ಮುಂದಿನ ವರ್ಷದ ಹೂವನ್ನ ಈ ಚಳಿಗಾಲದಲ್ಲೇ ಕಡ್ಡಿಯ ತುದಿಯಲ್ಲಿ ಕಟ್ಟಿ ಇಟ್ಕೊಂಡಿರುತ್ತೆ. ತುದಿ ಕಡಿದ್ರೆ ಹೂ ಹೋಯ್ತು. ವಿಷಯ ಇಷ್ಟೇ. ಆದ್ರೆ ಇಷ್ಟು ಸಣ್ಣ ವಿಷಯವನ್ನ ಜಗತ್ತಿನ ದೊಡ್ಡ ದೊಡ್ಡ ತೋಟಗಾರರು ಕಲಿಯೋದಕ್ಕೆ ನೂರೈವತ್ತು ವರ್ಷ ತಗೊಂಡ್ರು. ಆ ಕಥೆ ಗೊತ್ತಿದ್ರೆ ನಮ್ಮ ಅಂಗಳದಲ್ಲಿ ಏನು ಮಾಡಬೇಕು ಅನ್ನೋದು ತಾನಾಗೇ ಅರ್ಥವಾಗುತ್ತೆ.

ಮೊದಲು ಗಿಡದ ತವರು ನೋಡೋಣ. ನಮ್ಮ ಮನೆಗಳ ಮುಂದೆ ಇರೋ ಅಗಲ ಎಲೆಯ, ಚೆಂಡು ಹೂವಿನ ಹೈಡ್ರಾಂಜಿಯದ ಮೂಲ ಜಪಾನ್. ಅಲ್ಲಿ ಅದರ ಹೆಸರು ಅಜಿಸಾಯ್. ಕಾಡು ಗಿಡ ಬೆಳೆಯೋದು ಹಿಮ ಬೀಳೋ ಬೆಟ್ಟಗಳಲ್ಲಿ ಅಲ್ಲ, ಟೋಕಿಯೊದ ದಕ್ಷಿಣಕ್ಕೆ ಇಝು, ಮಿಯುರಾ, ಬೋಸೊ ಅನ್ನೋ ಕಡೆ, ಸಮುದ್ರಕ್ಕೆ ಹತ್ತಿರದ ಇಳಿಜಾರುಗಳಲ್ಲಿ. ಕಾಡು ಗಿಡದ ಹೂವು ಚೆಂಡಿನ ಹಾಗೆ ಇರಲ್ಲ. ತಟ್ಟೆಯ ಹಾಗೆ ಚಪ್ಪಟೆ, ನಡುವೆ ಸಾಸಿವೆ ಕಾಳಿನಷ್ಟು ಸಣ್ಣ ಹೂಗಳು, ಸುತ್ತ ಅಗಲ ದಳದ ನಾಕಾರು ಹೂ. ಚೆಂಡು ಹೂವು ಅದರಿಂದ ಹುಟ್ಟಿದ ತೋಟದ ಜಾತಿ. ಮನ್ಯೋಶು ಅಂತ ಜಪಾನಿನ ಬಹಳ ಹಳೇ ಕವಿತೆಗಳ ಸಂಗ್ರಹ ಇದೆ, ಎಂಟನೇ ಶತಮಾನದ್ದು. ಅದರಲ್ಲೇ ಎರಡು ಕಡೆ ಅಜಿಸಾಯ್ ಬರುತ್ತೆ. ಅಂದ್ರೆ ಅವರಿಗೆ ಈ ಗಿಡದ ಜೊತೆ ಸಾವಿರದ ಇನ್ನೂರು ವರ್ಷಕ್ಕೂ ಮೀರಿದ ಒಡನಾಟ.

ಆ ಕಡಲತೀರದ ಹವಾಮಾನ ಸ್ವಲ್ಪ ಗಮನಿಸಿ. ಜೂನ್ ಜುಲೈನಲ್ಲಿ ಬಿಡದೆ ಮಳೆ, ಅದೇ ಅಲ್ಲಿ ಹೂವಿನ ಕಾಲ. ಚಳಿಗಾಲ ಒಣ, ಬಿಸಿಲು ಇರುತ್ತೆ, ರಾತ್ರಿ ತಂಪು, ಆದ್ರೆ ಗಿಡ ಸುಟ್ಟುಹೋಗುವಂಥ ಹಿಮ ಅಪರೂಪ. ಓದ್ತಾ ಇದ್ರೆ ನಮ್ಮ ಮಲೆನಾಡಿನ ಲೆಕ್ಕವೇ ನೆನಪಾಗುತ್ತೆ ಅಲ್ವಾ? ಪೂರ್ತಿ ಒಂದೇ ಅಲ್ಲ, ನಮಗಿಂತ ಅವರ ಚಳಿ ಜಾಸ್ತಿ. ಆದ್ರೆ ಮಳೆಗಾಲದಲ್ಲಿ ಬೆಳೆದು, ಒಣ ತಂಪಿನಲ್ಲಿ ಮೊಗ್ಗು ಕಟ್ಟೋ ಪದ್ಧತಿ ಅಲ್ಲಿಂದಲೇ ಗಿಡಕ್ಕೆ ಬಂದದ್ದು. ಜಪಾನಿನ ಮನೆತೋಟದವರ ನಿಯಮವೂ ಅದಕ್ಕೆ ಸರಿಯಾಗೇ ಇದೆ. ಹೂ ಬಾಡಿದ ಮೇಲೆ, ಜುಲೈ ಕೊನೆಯೊಳಗೆ ಕತ್ತರಿಸು, ಆಮೇಲೆ ಮುಟ್ಟಬೇಡ. ಇದು ಅವರಲ್ಲಿ ಸಾಮಾನ್ಯ ತಿಳಿವಳಿಕೆ. ಟೋಕಿಯೊ ಹತ್ತಿರದ ಕಾಮಾಕುರದಲ್ಲಿ ಮೇಗೆತ್ಸು-ಇನ್ ಅನ್ನೋ ಬೌದ್ಧ ದೇವಸ್ಥಾನಕ್ಕೆ ಜನ ಹೈಡ್ರಾಂಜಿಯ ದೇವಸ್ಥಾನ ಅಂತಲೇ ಕರೀತಾರೆ. ಹೂ ಮುಗೀತಿದ್ದ ಹಾಗೇ ಕತ್ತರಿ ಹಾಕಿ ಮುಗಿಸಿದ್ರೆ ವರ್ಷದ ಕೆಲಸ ಅಲ್ಲಿಗೆ ಸರಿ.

ಇನ್ನು ಗಿಡ ಹೊರದೇಶಕ್ಕೆ ಹೋದದ್ದು ಹೇಗೆ? ಆಗ ಜಪಾನ್ ಹೊರಗಿನವರಿಗೆ ಬಾಗಿಲು ಹಾಕಿದ್ದ ದೇಶ. ಯುರೋಪಿನವರ ಪೈಕಿ ಡಚ್ಚರಿಗೆ ಮಾತ್ರ ನಾಗಾಸಾಕಿ ಬಂದರಿನ ದೆಜಿಮ ಅನ್ನೋ ಪುಟ್ಟ ದ್ವೀಪದಲ್ಲಿ ವ್ಯಾಪಾರಕ್ಕೆ ಜಾಗ ಇತ್ತು. ಡಚ್ ಕಂಪನಿಯ ವೈದ್ಯನಾಗಿ 1775ರಲ್ಲಿ ಅಲ್ಲಿಗೆ ಬಂದವನು ಕಾರ್ಲ್ ಪೀಟರ್ ತುನ್‌ಬರ್ಗ್, ಸ್ವೀಡನ್ ದೇಶದವನು, ಲಿನೇಯಸ್‌ನ ಶಿಷ್ಯ. ಅವನು ಈ ಗಿಡವನ್ನ ನೋಡಿ 1784ರಲ್ಲಿ ತನ್ನ ಪುಸ್ತಕದಲ್ಲಿ ವರ್ಣಿಸಿದ. ಆದ್ರೆ ವೈಬರ್ನಮ್ ಅನ್ನೋ ಬೇರೆಯೇ ಕುಲಕ್ಕೆ ಸೇರಿಸಿಬಿಟ್ಟ. 1830ರಲ್ಲಿ ಸೆರಾಂಜ್ ಅನ್ನೋ ಫ್ರೆಂಚ್ ಸಸ್ಯಶಾಸ್ತ್ರಜ್ಞ ಅದನ್ನ ಹೈಡ್ರಾಂಜಿಯ ಕುಲಕ್ಕೆ ತಂದು ಸರಿಮಾಡಿದ.

ಹೈಡ್ರಾಂಜಿಯ ಅನ್ನೋ ಹೆಸರು ಅದಕ್ಕೂ ಹಳೇದು. 1739ರಲ್ಲಿ ಅಮೆರಿಕದ ಒಂದು ಕಾಡುಗಿಡಕ್ಕೆ ಇಟ್ಟದ್ದು. ಗ್ರೀಕ್ ಭಾಷೆಯಲ್ಲಿ ಅರ್ಥ ನೀರಿನ ಪಾತ್ರೆ. ನೀರು ಜಾಸ್ತಿ ಬೇಕಾದ ಗಿಡ ಅಂತ ಆ ಹೆಸರು ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ಹಾಗಲ್ಲ, ಅದರ ಸಣ್ಣ ಬೀಜದ ಕಾಯಿ ಬಿಂದಿಗೆಯ ಆಕಾರದಲ್ಲಿ ಇರೋದಕ್ಕೆ ಆ ಹೆಸರು.

ಅದೇ ದೆಜಿಮಕ್ಕೆ 1823ರಲ್ಲಿ ಇನ್ನೊಬ್ಬ ವೈದ್ಯ ಬಂದ, ಜರ್ಮನಿಯ ಸೀಬೋಲ್ಟ್. ಅಲ್ಲಿ ಕುಸುಮೊತೊ ತಾಕಿ ಅನ್ನೋ ಹೆಣ್ಣುಮಗಳ ಜೊತೆ ಸಂಸಾರ ಮಾಡಿದ, ಒಬ್ಬ ಮಗಳೂ ಹುಟ್ಟಿದಳು. ಜಪಾನಿನ ಭೂಪಟಗಳನ್ನ ಇಟ್ಕೊಂಡಿದ್ದ ಅನ್ನೋ ಆರೋಪದ ಮೇಲೆ 1829ರಲ್ಲಿ ಅವನನ್ನ ದೇಶದಿಂದ ಹೊರಹಾಕಿದ್ರು. ಹೆಂಡತಿ ಮಗಳನ್ನ ಬಿಟ್ಟೇ ಹೋಗಬೇಕಾಯ್ತು. ಊರಿಗೆ ಹೋಗಿ ಜಪಾನಿನ ಸಸ್ಯಗಳ ಬಗ್ಗೆ ದೊಡ್ಡ ಗ್ರಂಥ ಬರೆದಾಗ, ಒಂದು ಚೆಂಡು ಹೂವಿನ ಹೈಡ್ರಾಂಜಿಯಕ್ಕೆ "ಒತಾಕ್ಸ" ಅಂತ ಹೆಸರಿಟ್ಟ. ಅದು ಅವನು ತಾಕಿಯನ್ನ ಕರೀತಿದ್ದ ಹೆಸರೇ. ಆ ಮಗಳು ಇನೆ ಮುಂದೆ ಪಾಶ್ಚಾತ್ಯ ವೈದ್ಯ ಕಲಿತು ಡಾಕ್ಟರಾಗಿ ಜಪಾನಿನಲ್ಲಿ ಹೆಸರಾದಳು. ನಾಗಾಸಾಕಿ ನಗರದ ಹೂವು ಇವತ್ತಿಗೂ ಹೈಡ್ರಾಂಜಿಯವೇ.

ಸೀಬೋಲ್ಟ್‌ಗೂ ಮೊದಲೇ ಗಿಡ ಇಂಗ್ಲೆಂಡ್ ಮುಟ್ಟಿತ್ತು. 1789ರಲ್ಲಿ ಜೋಸೆಫ್ ಬ್ಯಾಂಕ್ಸ್ ಚೀನಾದಿಂದ ತರಿಸಿ ಲಂಡನ್ ಪಕ್ಕದ ಕ್ಯೂ ತೋಟಕ್ಕೆ ಕೊಟ್ಟ. ಚೀನಾದ ತೋಟಗಳಲ್ಲಿ ಅದಾಗಲೇ ಬೆಳೀತಾ ಇದ್ರು. ನಿಜವಾದ ತೊಂದರೆ ಶುರುವಾದದ್ದು ಇಲ್ಲಿಂದ.

ಬೆಚ್ಚಗಿನ ಕಡಲತೀರದ ಗಿಡ, ಬಂದಿಳಿದದ್ದು ಹಿಮದ ನಾಡಿಗೆ. ಶುರುವಿನಲ್ಲಿ ಅವರು ಕುಂಡದಲ್ಲಿ ನೆಟ್ಟು ಗಾಜಿನ ಮನೆಯೊಳಗೆ ಇಟ್ಕೊಂಡ್ರು. ಹೊರಗೆ ನೆಟ್ಟವರಿಗೆ ಎರಡು ಥರ ಅನುಭವ ಆಯ್ತು. ಸಮುದ್ರದ ಗಾಳಿಯಿಂದ ಚಳಿ ಮೆತ್ತಗಿರೋ ಕಾರ್ನ್‌ವಾಲ್‌ನಂಥ ತೀರಗಳಲ್ಲಿ ಪೊದೆ ತುಂಬ ಹೂ. ಒಳನಾಡಿನಲ್ಲಿ ಬೇರು ಬದುಕುತ್ತೆ, ವಸಂತದಲ್ಲಿ ಬುಡದಿಂದ ಚಿಗುರೂ ಬರುತ್ತೆ, ಹೂ ಮಾತ್ರ ಇಲ್ಲ. ಹಿಮಕ್ಕೆ ಕಡ್ಡಿಯ ತುದಿ ಕಪ್ಪಾಗಿ ಸುಟ್ಟಿರ್ತಿತ್ತು, ಅದರ ಜೊತೆ ಹೂವೂ. ಅಂದ್ರೆ ಅವರಲ್ಲಿ ಹಿಮ ಮಾಡಿದ ಕೆಲಸವನ್ನೇ ನಮ್ಮಲ್ಲಿ ಕತ್ತಿ ಮಾಡ್ತಾ ಇದೆ. ಫಲಿತಾಂಶ ಎರಡಕ್ಕೂ ಒಂದೇ.

ಅವರಲ್ಲೂ ಕತ್ತಿಯ ತೊಂದರೆ ಇತ್ತು ಅನ್ನಿ. ಯುರೋಪಿನ ತೋಟಗಾರನ ಕೈ ಗುಲಾಬಿಯ ಮೇಲೆ ಪಳಗಿದ್ದು. ಗುಲಾಬಿಯನ್ನ ಚಳಿಗಾಲ ಕಳೆಯೋ ಹೊತ್ತಿಗೆ ಗಟ್ಟಿಯಾಗಿ ಕಡಿದ್ರೆ ಹೊಸ ಚಿಗುರಿನ ತುದಿಯಲ್ಲೇ ಹೂ ಬರುತ್ತೆ. ಅದೇ ಪಾಠ ಹೈಡ್ರಾಂಜಿಯಕ್ಕೆ ಹಾಕಿದ್ರೆ ಸೊನ್ನೆ. ನಿಧಾನಕ್ಕೆ ಅವರು ಬೇರೆ ಪದ್ಧತಿ ಕಂಡ್ಕೊಂಡ್ರು. ಬುಡಕ್ಕೆ ತರಗೆಲೆ, ಹುಲ್ಲು ದಪ್ಪವಾಗಿ ಹೊದಿಸೋದು. ಒಣಗಿದ ಹೂವಿನ ಚೆಂಡನ್ನ ಚಳಿಗಾಲ ಪೂರ್ತಿ ಗಿಡದಲ್ಲೇ ಬಿಡೋದು, ಯಾಕಂದ್ರೆ ಅದು ಕೆಳಗಿನ ಮೊಗ್ಗಿಗೆ ಟೋಪಿಯ ಹಾಗೆ ರಕ್ಷಣೆ ಕೊಡುತ್ತೆ. ಹಿಮದ ಭಯ ಕಳೆದ ಮೇಲೆ ಒಣ ಹೂವನ್ನ ಮಾತ್ರ, ಅದರ ಕೆಳಗಿನ ಮೊದಲ ಜೋಡಿ ದಪ್ಪ ಮೊಗ್ಗಿನ ತನಕ ಕತ್ತರಿಸೋದು. ಇವತ್ತಿಗೂ ಅಲ್ಲಿನ ತೋಟಗಾರಿಕೆ ಪುಸ್ತಕಗಳು ಹೇಳೋದು ಇದನ್ನೇ.

ನಮಗೆ ಇದನ್ನ ಅರ್ಥ ಮಾಡ್ಕೊಳ್ಳೋಕೆ ಇಂಗ್ಲೆಂಡಿನ ಪುಸ್ತಕ ಬೇಕಾಗಿಲ್ಲ, ಕಾಫಿ ಗಿಡ ಸಾಕು. ಅರೇಬಿಕದ ಹೂಮೊಗ್ಗು ಮಳೆಗಾಲ ಕಳೆದು ತಂಪು ಶುರುವಾಗೋ ಹೊತ್ತಿಗೆ ಗೆಣ್ಣಿನಲ್ಲಿ ಹುಟ್ಟುತ್ತೆ. ಜನವರಿ, ಫೆಬ್ರವರಿಯ ಒಣ ದಿನಗಳಲ್ಲಿ ಹಾಗೇ ಮಲಗಿರುತ್ತೆ. ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತೆ. ಹೂಮಳೆ ಹೂವನ್ನ ಹುಟ್ಟಿಸಲ್ಲ, ಮಲಗಿದ್ದನ್ನ ಎಬ್ಬಿಸುತ್ತೆ ಅಷ್ಟೇ. ಹೈಡ್ರಾಂಜಿಯದ್ದೂ ಅದೇ ಲೆಕ್ಕ. ಕಾಫಿಯನ್ನ ಎಬ್ಬಿಸೋದು ನೀರು, ಇದನ್ನ ಎಬ್ಬಿಸೋದು ಚಳಿ ಕಳೆದ ಮೇಲಿನ ಬಿಸಿ.

ಹಾಗಾದ್ರೆ ಕಾಫಿಗೆ ಕುಯ್ಲಾದ ಮೇಲೆ ಕಸಿ ಮಾಡ್ತೀವಲ್ಲ, ಅದಕ್ಕೆ ಯಾಕೆ ಏನೂ ಆಗಲ್ಲ? ಯಾಕಂದ್ರೆ ಅಲ್ಲಿ ನಾವು ತೆಗೆಯೋದು ಫಸಲು ಕೊಟ್ಟು ಸೋತ ರೆಕ್ಕೆ, ಒಣಗಿದ್ದು, ಅಡ್ಡಾದಿಡ್ಡಿ ಬಂದದ್ದು. ಮುಂದಿನ ಫಸಲಿನ ರೆಕ್ಕೆಯನ್ನ ನೋಡಿ ನೋಡಿ ಉಳಿಸ್ತೀವಿ. ಅಲ್ಲದೆ ಕಾಫಿಯ ಮೊಗ್ಗು ರೆಕ್ಕೆಯುದ್ದಕ್ಕೂ ಗೆಣ್ಣು ಗೆಣ್ಣಿಗೆ ಇರುತ್ತೆ. ಹೈಡ್ರಾಂಜಿಯದ ಹೂಮೊಗ್ಗು ಇರೋದು ಕಡ್ಡಿಯ ತುದಿಯಲ್ಲಿ, ಜಾಸ್ತಿ ಅಂದ್ರೆ ಅದರ ಕೆಳಗಿನ ಒಂದೆರಡು ಜೊತೆ ಗೆಣ್ಣಲ್ಲಿ. ಮೇಲಿಂದ ಒಂದಡಿ ಸವರಿದ್ರೆ ಕಾಫಿಯಲ್ಲಿ ಸ್ವಲ್ಪ ಹೋಗುತ್ತೆ, ಹೈಡ್ರಾಂಜಿಯದಲ್ಲಿ ಎಲ್ಲಾ ಹೋಗುತ್ತೆ.

ಈಗ ಕಥೆಯ ಮುಂದಿನ ಭಾಗ. 1880ರ ಸುಮಾರಿಗೆ ಚಾರ್ಲ್ಸ್ ಮೇರೀಸ್ ಅನ್ನೋ ಗಿಡ ಸಂಗ್ರಹಿಸೋನು ಜಪಾನಿನಿಂದ ಇಂಗ್ಲೆಂಡಿನ ವೀಚ್ ನರ್ಸರಿಗೆ ಹೊಸ ಹೈಡ್ರಾಂಜಿಯಗಳನ್ನ ಕಳಿಸಿದ. ಅವು ಫ್ರಾನ್ಸಿನ ನರ್ಸರಿಯವರ ಕೈಗೆ ಸಿಕ್ಕಿ, ಅಲ್ಲಿ ತಳಿ ಕೂಡಿಸೋ ಕೆಲಸ ಜೋರಾಯ್ತು. ನಾನ್ಸಿ ಊರಿನ ಲೆಮ್ವಾನ್, ವಾಂದೋಮ್ ಊರಿನ ಮುಯೇರ್ ಈ ಕೆಲಸದಲ್ಲಿ ದೊಡ್ಡ ಹೆಸರು. ಮುಯೇರ್ 1909ರಲ್ಲಿ ಹೊರತಂದ ಬಿಳಿ ಚೆಂಡಿನ "ಮದಾಮ್ ಎಮಿಲ್ ಮುಯೇರ್" ಇವತ್ತಿಗೂ ನರ್ಸರಿಗಳಲ್ಲಿ ಮಾರಾಟದಲ್ಲಿದೆ. ಗಿಡ್ಡ ಗಿಡ, ದೊಡ್ಡ ಹೂ, ಕುಂಡಕ್ಕೆ ಹೇಳಿ ಮಾಡಿಸಿದಂಥ ತಳಿಗಳು ಬಂದವು. ಹೈಡ್ರಾಂಜಿಯ ಅಂಗಳದಿಂದ ಮಾರುಕಟ್ಟೆಗೆ ಹೋದದ್ದು ಹೀಗೆ.

ಮಾರುಕಟ್ಟೆ ಅಂದ್ರೆ ತಾರೀಖು. ಯುರೋಪ್, ಅಮೆರಿಕದಲ್ಲಿ ಈ ಕುಂಡಗಳಿಗೆ ಬೇಡಿಕೆ ಈಸ್ಟರ್ ಹಬ್ಬಕ್ಕೆ, ಆಮೇಲೆ ತಾಯಂದಿರ ದಿನಕ್ಕೆ. ಆದ್ರೆ ಗಿಡ ತಾನಾಗೇ ಹೂ ಬಿಡೋದು ಜೂನ್ ಹೊತ್ತಿಗೆ. ಎರಡು ಮೂರು ತಿಂಗಳು ಮೊದಲೇ ಹೂ ತರಿಸಬೇಕಾದ್ರೆ ಗಿಡದ ಚಳಿಗಾಲವನ್ನ ಬೆಳೆಗಾರನೇ ಮಾಡಿಕೊಡಬೇಕು. ಈ ಅಗತ್ಯದಿಂದಲೇ ಚಳಿಗೂ ಹೂವಿಗೂ ಇರೋ ಸಂಬಂಧ ಅಂಕಿಅಂಶದ ಸಮೇತ ಗೊತ್ತಾಯ್ತು. ಇದರಲ್ಲಿ ಎರಡು ಹಂತ ಇದೆ. ಮೊದಲನೇದು ಮೊಗ್ಗು ಕಟ್ಟೋದು. ಸುಮಾರು 18 ಡಿಗ್ರಿಗಿಂತ ತಂಪಾದ ರಾತ್ರಿಗಳು, ಚಿಕ್ಕದಾಗ್ತಾ ಹೋಗೋ ಹಗಲು, ಹೀಗೆ 6ರಿಂದ 8 ವಾರ ಸಿಕ್ಕಿದ್ರೆ ತುದಿಯ ಎಲೆಮೊಗ್ಗು ಹೂಮೊಗ್ಗಾಗುತ್ತೆ. ಎರಡನೇದು ನಿದ್ದೆ. ಹೊರಗೆ ಎಲೆ ಉದುರಿಸುವಷ್ಟು ಚಳಿಗೆ ಗಿಡ ಮಲಗುತ್ತೆ. 5ರಿಂದ 7 ಡಿಗ್ರಿಯಲ್ಲಿ ಸುಮಾರು 6 ವಾರ ಕಳೆದ ಮೇಲೆ ಬೆಚ್ಚಗಿನ ಜಾಗಕ್ಕೆ ತಂದ್ರೆ ಎಲ್ಲಾ ಗಿಡ ಒಟ್ಟಿಗೇ ಎದ್ದು, ಮೂರು ತಿಂಗಳ ಆಸುಪಾಸಿಗೆ ಹೂ.

ಹೀಗಾಗಿ ಅವರು ಕುಂಡಗಳನ್ನ ಕೋಲ್ಡ್ ಸ್ಟೋರೇಜಿಗೆ ಹಾಕೋಕೆ ಶುರುಮಾಡಿದ್ರು. ಅಲ್ಲೊಂದು ಸಮಸ್ಯೆ. ಕತ್ತಲೆಯ ತಂಪು ಕೋಣೆಯಲ್ಲಿ ಎಲೆ ಕೊಳೆತು, ಬೂಷ್ಟು ಹಿಡಿದು, ಮೊಗ್ಗಿಗೂ ದಾಟುತ್ತೆ. ಸಾವಿರಾರು ಗಿಡದ ಎಲೆಯನ್ನ ಕೈಯಲ್ಲಿ ಕೀಳೋದು ಎಲ್ಲಾಗುತ್ತೆ? ಅದಕ್ಕೆ ಕೋಣೆಯಲ್ಲಿ ಗಿಡಗಳ ಜೊತೆ ಹಣ್ಣಾದ ಸೇಬು ಇಟ್ಟು ಬಾಗಿಲು ಹಾಕಿದ್ರು! ಸೇಬಿನಿಂದ ಬರೋ ಎಥಿಲೀನ್ ಅನಿಲಕ್ಕೆ ಎಲೆಯೆಲ್ಲ ತಾನಾಗಿ ಉದುರ್ತಿತ್ತು. ನಾವು ಬಾಳೆಗೊನೆಯನ್ನ ಮುಚ್ಚಿದ ಕೋಣೆಯಲ್ಲಿಟ್ಟು ಹಣ್ಣು ಮಾಡ್ತೀವಲ್ಲ, ಅದೇ ಅನಿಲ, ಅದೇ ಉಪಾಯ.

ಇಲ್ಲೇ ನಮ್ಮ ಇನ್ನೊಂದು ಪ್ರಶ್ನೆಗೂ ಉತ್ತರ ಇದೆ. ನರ್ಸರಿಯಿಂದ ಹೂ ಸಮೇತ ತಂದ ಕುಂಡದ ಗಿಡ ಮುಂದಿನ ವರ್ಷ ಯಾಕೆ ಹೂ ಬಿಡಲ್ಲ? ಅಂಥ ಗಿಡಕ್ಕೆ ಬೇಕಾದ ತಂಪನ್ನ ಯಾರೋ ಬೆಟ್ಟದ ಮೇಲೋ, ತಂಪು ಕೋಣೆಯಲ್ಲೋ ಕೊಟ್ಟು ಕಳಿಸಿರ್ತಾರೆ. ನಾವು ಕೊಂಡದ್ದು ಕಳೆದ ಚಳಿಗಾಲದ ಫಲ. ನಮ್ಮನೆಗೆ ಬಂದ ಮೇಲೆ ಮುಂದಿನ ಚಳಿಗಾಲವನ್ನ ನಾವೇ ಕೊಡಬೇಕು. ಅದನ್ನ ಬಿಟ್ಟು, ಚೆಂದ ಕಾಣುತ್ತೆ ಅಂತ ಮುಚ್ಚಿದ ಜಗಲಿಯ ಮೂಲೆಯಲ್ಲೋ, ಬಚ್ಚಲು ಒಲೆಯ ಗೋಡೆ ಪಕ್ಕದಲ್ಲೋ ಇಟ್ರೆ ರಾತ್ರಿಯ ತಂಪು ಅದಕ್ಕೆ ತಗಲೋದೇ ಇಲ್ಲ.

"5 ಡಿಗ್ರಿ ಚಳಿ ನಮ್ಮಲ್ಲಿ ಎಲ್ಲಿದೆ ಮಾರಾಯ್ರೆ" ಅಂತ ಕೇಳ್ಬಹುದು. ಅದಕ್ಕೆ ಉತ್ತರ ಅಟ್ಲಾಂಟಿಕ್ ಸಮುದ್ರದ ನಡುವೆ ಇದೆ. ಪೋರ್ಚುಗಲ್ಲಿಗೆ ಸೇರಿದ ಅಝೋರ್ಸ್ ದ್ವೀಪಗಳಲ್ಲಿ ಫಯಾಲ್ ಅಂತ ಒಂದು ದ್ವೀಪ. ಅದಕ್ಕೆ "ನೀಲಿ ದ್ವೀಪ" ಅಂತಲೇ ಹೆಸರು. ಅಲ್ಲಿನ ರೈತರು ದನ ಮೇಯೋ ಹುಲ್ಲುಗಾವಲಿಗೆ ಹೈಡ್ರಾಂಜಿಯದ ಬೇಲಿ ಹಾಕಿದ್ದಾರೆ, ನಾವು ದಾಸವಾಳವನ್ನೋ ಕಳ್ಳಿಯನ್ನೋ ಹಾಕೋ ಹಾಗೆ. ಬೇಸಿಗೆಯಲ್ಲಿ ಗುಡ್ಡದ ತುಂಬ ನೀಲಿ ಗೆರೆ ಎಳೆದ ಹಾಗೆ ಹೂ. ಆ ದ್ವೀಪದ ತೀರದಲ್ಲಿ ಚಳಿಗಾಲದ ರಾತ್ರಿ 11-12 ಡಿಗ್ರಿಗೆ ಇಳಿದ್ರೆ ಹೆಚ್ಚು. ಹಿಮ ಬೀಳಲ್ಲ, ಕೋಲ್ಡ್ ಸ್ಟೋರೇಜೂ ಇಲ್ಲ. ಆದ್ರೂ ಬೇಲಿ ಪೂರ್ತಿ ಹೂ.

ಇದರಿಂದ ಗೊತ್ತಾಗೋದು ಏನು? ಎರಡು ಹಂತದಲ್ಲಿ ಬಿಡಲಾಗದ್ದು ಮೊದಲನೇದು, ಮೊಗ್ಗು ಕಟ್ಟೋ ತಂಪು. 5 ಡಿಗ್ರಿಯ ಗಟ್ಟಿ ಚಳಿ ಬೇಕಾಗೋದು ತಾರೀಖಿಗೆ ಸರಿಯಾಗಿ, ಎಲ್ಲಾ ಕುಂಡದಲ್ಲೂ ಒಟ್ಟಿಗೆ ಹೂ ಬೇಕು ಅನ್ನೋ ವ್ಯಾಪಾರಿಗೆ. ಬೇಲಿಯ ಗಿಡಕ್ಕೆ ಅವಸರ ಇಲ್ಲ, ಹಿಂದೆ ಮುಂದೆ ಆದ್ರೂ ಹೂ ಬಿಡುತ್ತೆ. ನಮ್ಮ ಮಲೆನಾಡಿನ ಎತ್ತರದಲ್ಲಿ ಡಿಸೆಂಬರ್, ಜನವರಿ ರಾತ್ರಿಗಳು 12ರಿಂದ 15 ಡಿಗ್ರಿಗೆ ಇಳಿಯುತ್ತವೆ, ಫಯಾಲ್‌ಗೆ ಅಷ್ಟೇನೂ ದೂರ ಇಲ್ಲ. ನಮ್ಮಲ್ಲಿ ಹಗಲಿನ ಉದ್ದ ಅವರಷ್ಟು ಏರುಪೇರಾಗಲ್ಲ, ಹಾಗಾಗಿ ರಾತ್ರಿ ತಂಪೇ ನಮ್ಮ ಬಂಡವಾಳ. ಘಟ್ಟ ಇಳಿದ್ರೆ ಈ ಲೆಕ್ಕ ಕೈ ಕೊಡುತ್ತೆ. ಕರಾವಳಿಯಲ್ಲಿ ಚಳಿಗಾಲದ ರಾತ್ರಿಯೂ 20ರ ಆಸುಪಾಸು. ಗಿಡ ಸೊಂಪಾಗಿ ಬೆಳೆದ್ರೂ ಹೂ ಕಮ್ಮಿ. ಕೆಳಗಿನ ನೆಂಟರು ಕಡ್ಡಿ ಕೇಳಿದ್ರೆ ಕೊಡಿ, ಜೊತೆಗೆ ಇದನ್ನೂ ಹೇಳಿ ಕೊಡಿ.

ಕತ್ತರಿಸಿದ್ರೂ ಹೂ ಬಿಡೋ ಹೈಡ್ರಾಂಜಿಯ ಇಲ್ವಾ ಅಂದ್ರೆ, ಇದೆ. ಅದೂ ಚಳಿಯಿಂದ ಸೋತ ನಾಡಿನಲ್ಲೇ ಸಿಕ್ಕಿದ್ದು. ಅಮೆರಿಕದ ಕಾಡುಜಾತಿಯೊಂದು ಹೊಸ ಚಿಗುರಿನಲ್ಲೇ ಹೂ ಬಿಡುತ್ತೆ. ಇಲಿನಾಯ್ ರಾಜ್ಯದ ಆ್ಯನಾ ಅನ್ನೋ ಊರಿನ ಹತ್ತಿರ 1910ರಲ್ಲಿ ಹ್ಯಾರಿಯೆಟ್ ಕರ್ಕ್‌ಪ್ಯಾಟ್ರಿಕ್ ಅನ್ನೋ ಹೆಂಗಸು ಅದರ ದೊಡ್ಡ ಬಿಳಿ ಚೆಂಡಿನ ಗಿಡ ಒಂದನ್ನ ಕಂಡು ಮನೆಗೆ ತಂದು ನೆಟ್ಟಳು. ಐವತ್ತು ವರ್ಷ ಆ ಊರಿನ ಹೆಂಗಸರ ಕೈಯಿಂದ ಕೈಗೆ ಕಡ್ಡಿ ಹೋಗಿ ಉಳೀತು. 1960ರ ದಶಕದಲ್ಲಿ ಅಲ್ಲಿನ ವಿಶ್ವವಿದ್ಯಾಲಯದವರೊಬ್ಬರು ಅದಕ್ಕೆ "ಆ್ಯನಬೆಲ್" ಅಂತ ಹೆಸರಿಟ್ಟು ಮಾರುಕಟ್ಟೆಗೆ ತಂದ್ರು. ನಮ್ಮ ಅಜ್ಜಿಯಂದಿರ ಕೆಲಸಾನೇ ಅಲ್ವಾ ಇದು?

ಇನ್ನೊಂದು ಮಿನೆಸೋಟ ರಾಜ್ಯದ್ದು, ಚಳಿಗಾಲದಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಹೋಗೋ ಜಾಗ. ಅಲ್ಲಿ ನಮ್ಮ ಥರದ ಅಗಲ ಎಲೆಯ ಹೈಡ್ರಾಂಜಿಯವೇ ಒಂದು, ಕಡ್ಡಿಯೆಲ್ಲ ಹಿಮಕ್ಕೆ ಸತ್ತರೂ ಹೊಸ ಚಿಗುರಿನಲ್ಲಿ ಹೂ ಬಿಡ್ತಿತ್ತು. ಬೇಯ್ಲಿ ಅನ್ನೋ ನರ್ಸರಿಯವರು ಅದನ್ನ ಬೆಳೆಸಿ ಇಟ್ಕೊಂಡಿದ್ರು. 1998ರಲ್ಲಿ ಮೈಕೆಲ್ ಡರ್ ಅನ್ನೋ ಸಸ್ಯತಜ್ಞರ ಕಣ್ಣಿಗೆ ಬಿದ್ದು, 2004ರಲ್ಲಿ "ಎಂಡ್‌ಲೆಸ್ ಸಮ್ಮರ್" ಅಂತ ಮಾರುಕಟ್ಟೆಗೆ ಬಂತು. ಹಳೇ ಕಡ್ಡಿಯಲ್ಲೂ ಹೊಸ ಕಡ್ಡಿಯಲ್ಲೂ ಹೂ ಬಿಡೋ ತಳಿ. ಹೊಸದಾಗಿ ಕೊಳ್ಳೋರು ಇದನ್ನ ಕೇಳಿ ಕೊಳ್ಳಬಹುದು. ಆದ್ರೆ ನಮ್ಮ ಹಳೇ ಮನೆಗಳ ಮುಂದೆ ಇರೋದು ಬಹುಪಾಲು ಹಳೇ ಕಡ್ಡಿಯಲ್ಲೇ ಹೂ ಬಿಡೋ ಜಾತಿ. ಖಚಿತ ಗೊತ್ತಿಲ್ಲದಿದ್ರೆ ಹಾಗೇ ಅಂತ ತಿಳ್ಕೊಂಡು ನೋಡಿಕೊಂಡ್ರೆ ನಷ್ಟ ಇಲ್ಲ.

ಈಗ ಇಷ್ಟೂ ಕಥೆಯಿಂದ ನಮ್ಮ ಅಂಗಳಕ್ಕೆ ಬೇಕಾದ್ದನ್ನ ತಿಂಗಳ ಲೆಕ್ಕದಲ್ಲಿ ಹೇಳ್ತೀನಿ.

ಆಗಸ್ಟ್: ಕತ್ತರಿ ಹಾಕೋದಿದ್ರೆ ಇದೇ ಕೊನೆ. ಮೊದಲ ಸುತ್ತಿನ ಹೂ ಬಾಡಿದ ಕಡ್ಡಿಯನ್ನ ಹೂವಿನ ಕೆಳಗೆ ಎರಡು ಮೂರು ಗೆಣ್ಣು ಬಿಟ್ಟು ಕತ್ತರಿಸಿ. ಚಳಿ ಬರೋದರೊಳಗೆ ಹೊಸ ಚಿಗುರು ಬೆಳೆದು ಬಲಿಯೋದಕ್ಕೆ ಎರಡು ಮೂರು ತಿಂಗಳು ಬೇಕು. ಎಳೆ ಚಿಗುರು ಮೊಗ್ಗು ಕಟ್ಟಲ್ಲ.

ಸೆಪ್ಟೆಂಬರ್: ಯೂರಿಯಾ, ಹಸಿ ಸಗಣಿ ನೀರು ನಿಲ್ಲಿಸಿ. ಸಾರಜನಕ ಜಾಸ್ತಿಯಾದ್ರೆ ಗಿಡ ಸೊಪ್ಪಿನ ಕಡೆಗೇ ಓಡುತ್ತೆ. ಕಾಫಿಗೆ ಮಳೆಗಾಲ ಕಳೆದ ಮೇಲೆ ಗೊಬ್ಬರ ಹಾಕುವಾಗ ಉಳಿದ ಬುಟ್ಟಿಯನ್ನ ಅಂಗಳದ ಗಿಡದ ಬುಡಕ್ಕೆ ಸುರಿಯೋ ಅಭ್ಯಾಸ ಇದ್ರೆ ಅದನ್ನೂ ಬಿಡಿ.

ಅಕ್ಟೋಬರ್, ನವೆಂಬರ್: ಮೊಗ್ಗು ಕಟ್ಟೋ ಸಮಯ. ಕುಂಡದ ಗಿಡಗಳನ್ನ ಮಾಡಿನ ಕೆಳಗಿಂದ ತೆಗೆದು ರಾತ್ರಿ ಮಂಜು ಬೀಳೋ ಕಡೆ ಇಡಿ. ಬೆಳಗಿನ ಬಿಸಿಲು ಸಿಗಬೇಕು, ಮಧ್ಯಾಹ್ನದ್ದು ಬೇಡ. ದಟ್ಟ ನೆರಳಲ್ಲಿದ್ರೂ ಹೂ ಬರಲ್ಲ, ಮೇಲೆ ಮರದ ಕೊಂಬೆ ಕವಿದಿದ್ರೆ ಕಡಿಯಬೇಕಾದ್ದು ಆ ಕೊಂಬೆಯನ್ನ.

ಡಿಸೆಂಬರ್‌ನಿಂದ ಫೆಬ್ರವರಿ: ಕತ್ತಿ ಹತ್ತಿರ ಬರಬಾರದು. ಬುಡಕ್ಕೆ ನಾಕು ಬೆರಳು ದಪ್ಪ ದರಗು ಹಾಕಿ, ಕಾಂಡಕ್ಕೆ ಒತ್ತಬೇಡಿ. ನಮ್ಮ ಚಳಿಗಾಲದಲ್ಲಿ ಹಿಮದ ಭಯ ಇಲ್ಲ, ಒಣಗೋ ಭಯ ಇದೆ. ಎಲೆ ಕಮ್ಮಿಯಾಯ್ತು ಅಂತ ನೀರು ಪೂರ್ತಿ ನಿಲ್ಲಿಸಿದ್ರೆ ಮೊಗ್ಗು ಕಡ್ಡಿಯಲ್ಲೇ ಒಣಗುತ್ತೆ. ವಾರಕ್ಕೊಮ್ಮೆ ಬೇರು ತೇವ ಆಗುವಷ್ಟು ಸಾಕು, ನೀರು ನಿಲ್ಲಬಾರದು. ಒಣ ಹೂವಿನ ಚೆಂಡು ನೋಡೋಕೆ ಬೇಜಾರಾದ್ರೆ ಹೂವನ್ನ ಮಾತ್ರ, ಕೆಳಗಿನ ದಪ್ಪ ಮೊಗ್ಗಿನ ಜೋಡಿಗೆ ತಾಗದ ಹಾಗೆ ತೆಗೀರಿ. ತೀರಾ ಮುದಿಯಾದ, ಸತ್ತ, ಕಡ್ಡಿ ಗಾತ್ರದ ಬಡಕಲು ಕಾಂಡ ಇದ್ರೆ ಅದನ್ನ ಬುಡದಿಂದಲೇ ತೆಗೆಯಬಹುದು. ಅದು ಕಾಫಿ ಕಸಿಯ ಹಾಗೆಯೇ, ಸೋತದ್ದನ್ನ ತೆಗೆದು ಬಲವಾದ್ದನ್ನ ಉಳಿಸೋದು. ಮೇಲಿನಿಂದ ಸವರೋದು ಮಾತ್ರ ಬೇಡ.

ಮಾರ್ಚ್: ತುದಿ ಮೊಗ್ಗು ಬಿಚ್ಚೋಕೆ ಶುರುವಾದ ಮೇಲೆ ಕೊಟ್ಟಿಗೆ ಗೊಬ್ಬರ ಕೊಡಿ, ನೀರು ಹೆಚ್ಚಿಸಿ.

ಜನವರಿ ಕೊನೆಯಲ್ಲಿ ಒಂದು ಪರೀಕ್ಷೆ ಮಾಡಿ ನೋಡಬಹುದು. ಕಡ್ಡಿಯ ತುದಿ ನೋಡಿ. ಮೊಗ್ಗು ಚೂಪಾಗಿ, ತೆಳ್ಳಗಿದ್ರೆ ಎಲೆಯದ್ದು. ಉಬ್ಬಿ ದಪ್ಪಗಿದ್ರೆ ಹೂವಿಂದು. ಅನುಮಾನ ಇದ್ರೆ ಒಂದೇ ಒಂದು ಮೊಗ್ಗನ್ನ ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಲೆನ್ಸಿನಲ್ಲಿ ನೋಡಿ. ಒಳಗೆ ಹೂಕೋಸಿನ ಹಾಗೆ ಸಣ್ಣ ಸಣ್ಣ ಗುಳ್ಳೆಗಳು ಕಂಡ್ರೆ ಅದೇ ಮೇ ತಿಂಗಳ ಹೂ. ಕೋಲ್ಡ್ ಸ್ಟೋರೇಜಿನ ಬೆಳೆಗಾರರೂ ಗಿಡ ಒಳಗೆ ಹಾಕೋ ಮೊದಲು ಹೀಗೇ ಸೀಳಿ ನೋಡ್ತಾರೆ. ಕತ್ತಿ ಹಿಡಿದು ಬರೋರಿಗೆ ಇದನ್ನ ಒಂದು ಸಲ ತೋರಿಸಿಬಿಟ್ರೆ ಸಾಕು, ಆಮೇಲೆ ಹೇಳೋದೇ ಬೇಕಾಗಲ್ಲ.

ಇನ್ನೆರಡು ಮಾತು ಸೇರಿಸ್ತೀನಿ. ನಮ್ಮ ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಗಿಡಕ್ಕೆ ಸಿಗೋದರಿಂದ ಹೂ ನೀಲಿ ಆಗುತ್ತೆ. ತೋಟಕ್ಕೆ ಸುಣ್ಣ ಹಾಕುವಾಗ ಇದರ ಬುಡಕ್ಕೂ ಬಿದ್ರೆ ಗುಲಾಬಿ ಕಡೆ ತಿರುಗುತ್ತೆ. ಬಣ್ಣ ಬದಲಾಗೋದು ರೋಗ ಅಲ್ಲ. ಎರಡನೇದು, ಇದರ ಎಲೆ, ಮೊಗ್ಗು ದನಕ್ಕೆ ವಿಷ. ಕತ್ತರಿಸಿದ ಸೊಪ್ಪನ್ನ ಕೊಟ್ಟಿಗೆ ಕಡೆ ಎಸೀಬೇಡಿ, ಮನುಷ್ಯರೂ ಎಲೆಯನ್ನ ಊಟದ ಅಲಂಕಾರಕ್ಕೆ ಬಳಸೋದು ಬೇಡ.

ಈ ಸಲ ಕಸಿಯವರು ಬರೋ ಮೊದಲೇ ಅಂಗಳದ ಗಿಡಕ್ಕೆ ಒಂದು ಹಗ್ಗ ಕಟ್ಟಿಯೋ, ಕೆಂಪು ಬಟ್ಟೆ ಸುತ್ತಿಯೋ ಗುರುತು ಮಾಡಿಡಿ. "ಗೊಡ್ಡು" ಅಂತ ಕೀಳೋಕೆ ಹೊರಟ ಗಿಡ ಯಾರದ್ದಾದ್ರೂ ಇದ್ರೆ ಒಂದೇ ಒಂದು ಚಳಿಗಾಲ ಮುಟ್ಟದೆ ಬಿಟ್ಟು ನೋಡಿ. ನಿಮ್ಮ ಊರಿನ ಎತ್ತರ ಎಷ್ಟು, ಯಾವ ತಿಂಗಳು ಹೂ ಬರುತ್ತೆ, ಕೊನೇ ಸಲ ಯಾವಾಗ ಕತ್ತರಿಸಿದ್ರಿ, ಕೆಳಗೆ ಬರೀರಿ. ನಾಕಾರು ಊರಿನ ಲೆಕ್ಕ ಒಟ್ಟಾದ್ರೆ ಘಟ್ಟದ ಈ ಪಕ್ಕಕ್ಕೆ ಸರಿಹೊಂದೋ ತಿಂಗಳ ಪಟ್ಟಿಯನ್ನ ನಾವೇ ಮಾಡ್ಕೋಬಹುದು.